ಗಡಿಯಾರ ರಿಪೇರಿಯವನ ತುಂಬಿದ ಕೋವಿ

ಗಡಿಯಾರ ರಿಪೇರಿಯವನಿಗೆ ಹಳೆಯ ಜೋಡಿನಳಿಗೆ ಕೋವಿಗಳ ಹುಚ್ಚು. ಗೋಡೆಯ ಮೇಲೆ ಹನ್ನೊಂದಿದ್ದವು. ಒಂದರಿಂದಲೂ ಆತ ಗುಂಡು ಹಾರಿಸಿದವನಲ್ಲ. ಕಾಲಡಿ ಇರುವೆ ಸತ್ತರೂ ಊಟ ಸೇರದ ಪ್ರಾಣಿ. ತಿಂಗಳಿಗೊಮ್ಮೆ ಎಣ್ಣೆ ಹಚ್ಚಿ, ಧೂಳು ಒಳಹೋಗದಂತೆ ನಳಿಗೆಗಳ ಬಾಯಿಗೆ ಬಿರಡೆ ಜಡಿದು, ಮಕ್ಕಳಂತೆ ನೋಡಿಕೊಳ್ಳುತ್ತಿದ್ದ. "ನಾನು ಹನ್ನೆರಡನೆಯವಳು, ನನಗೆ ಎಣ್ಣೆಯೂ ಇಲ್ಲ" ಎನ್ನುತ್ತಿದ್ದಳು ಹೆಂಡತಿ.

ಭಾನುವಾರ ಬಂತೆಂದರೆ ಬೀದಿಯ ಹುಡುಗ ಹುಡುಗಿಯರನ್ನು ಕಾಡಿಗೆ ಕರೆದೊಯ್ದು ಹೆಜ್ಜೆಗುರುತು, ಹಕ್ಕಿಕೂಗು ಕಲಿಸುತ್ತಿದ್ದ. ಗತ್ತಿಗೆ ಹೆಗಲ ಮೇಲೊಂದು ಕೋವಿ. ತೋಟಾ ಮಾತ್ರ ಇಲ್ಲ.

ಆ ಭಾನುವಾರವೂ ಎಲ್ಲರನ್ನೂ ಮರದ ಬುಡದಲ್ಲಿ ಕೂರಿಸಿ ಗುಡುಗಿದ: "ಮೊದಲನೇ ಪಾಠ! ಯಾವ ಕೋವೀನೂ ಖಾಲಿ ಅಂತ ನಂಬಬಾರದು. ತೆರೆದು ನೋಡಿದ ಮೇಲೇನೇ ಮುಂದಿನ ಮಾತು."

ತೋರಿಸಲೆಂದು ನಳಿಗೆ ಮೇಲೆತ್ತಿ ಕೋವಿಯನ್ನು ನಡುವಿಗೆ ಮಡಚಿದ. ಸರ್ರನೆ ಸುರಿದವು ಕುಂಬಳಕಾಯಿ ಬೀಜ, ಎರಡು ಬೊಗಸೆಯಷ್ಟು, ಆತನ ಬೂಟಿನೊಳಕ್ಕೂ. ಹುಡುಗರು ಬಿದ್ದುಬಿದ್ದು ನಕ್ಕ ಸದ್ದಿಗೆ, ತೋರಿಸಬೇಕಿದ್ದ ಹಕ್ಕಿಗಳೆಲ್ಲ ಹಾರಿಹೋದವು.

ಮನೆಗೆ ಬಂದವನೇ ಕೂಗಾಡಿದ: "ಯಾರೇ ನನ್ನ ಕೋವಿಯೊಳಗೆ ಬೀಜ ತುಂಬಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳಲ್ಲ ಹೆಂಡತಿ. "ನಾನೇ. ಈ ಮನೇಲಿ ಇಲಿ ನುಗ್ಗದ ಜಾಗ ಅಂದ್ರೆ ಅದೊಂದೇ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳೋದೇನು? ಯಾವ ಕೋವೀನೂ ಖಾಲಿ ಅಂತ ನಂಬಬಾರದು ಅಂತ ಇಪ್ಪತ್ತು ವರ್ಷದಿಂದ ನನ್ನ ತಲೆ ತಿಂತಿದ್ದೀರಲ್ಲ," ಎಂದಳು ಆಕೆ. "ಉಳಿದ ಹತ್ತನ್ನೂ ತೆರೆದು ನೋಡಿ."