ನೀರು ಮುಟ್ಟದ ಮಾಸ್ತರು

ಆ ದಿನ ನನಗೆ ಉಪವಾಸ ಇರಲಿಲ್ಲ, ದುರುಗವ್ವಾ. ನೀನು ತಂದ ನೀರು ಕುಡಿಯಲು ಮನಸ್ಸಾಗದೆ ಸುಳ್ಳು ಹೇಳಿದೆ — ಅದೂ ಸಮಾನತೆಯ ಪಾಠದ ನಡುವೆ.

ಮುಂಡರಗಿ ಕಡೆಯ ಆ ಶಾಲೆಯಲ್ಲಿ ಮಾಸ್ತರರ ತಂಬಿಗೆ ತುಂಬುವ ಗೌರವ ಕೆಲವು ಮನೆಗಳ ಹುಡುಗರದು; ಅಂಗಳ ಗುಡಿಸುವ ಗೌರವ ನಿಮ್ಮ ಕೇರಿಯ ಮಕ್ಕಳದು. ಎಲ್ಲೂ ಬರೆದಿಟ್ಟ ನಿಯಮವಲ್ಲ. ಆದರೆ ಸಂವಿಧಾನಕ್ಕಿಂತ ಚೆನ್ನಾಗಿ ಪಾಲನೆಯಾಗುತ್ತಿತ್ತು. ಕೆರೆಯ ನೀರಿಗಾಗಿ ಪೆಟ್ಟು ತಿಂದವರ ಹೋರಾಟವನ್ನು ಹೇಳುತ್ತ ಹೇಳುತ್ತ ನನಗೇ ಆವೇಶ ಬಂದು, ಮೇಜು ಗುದ್ದಿ ಘೋಷಿಸಿದೆ — ನಾಳೆಯಿಂದ ನೀರು ತರುವ ಪಾಳಿ ಎಲ್ಲರದೂ! ಎಲ್ಲರೂ ಅಂದರೆ ನೀನೂ ಎಂಬುದು ಆ ಭಾಷಣಕಾರನಿಗೆ ಹೊಳೆದಿರಲಿಲ್ಲ.

ಆ ಪಾಠ ಮುಗಿಯುವ ಮೊದಲೇ ನಿನ್ನ ಪಾಳಿ ಬಂತು. ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದಿದ್ದೆ ನೀನು.

"ಇವತ್ತ ನಂದು ಉಪಾಸ ಐತವಾ. ನೀರೂ ಮುಟ್ಟಂಗಿಲ್ಲ," ಎಂದೆ ನಾನು.

ಹಿಂದಿನ ಸಾಲಿನಿಂದ ಈರಣ್ಣ ಕೂಗಿದ: "ಸರ್, ಮುಂಜಾನಿ ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ಭಜಿ ತಿನ್ನಾಕತ್ತಿದ್ರೆಲ್ರಿ!"

ವರ್ಗವೆಲ್ಲ ನಕ್ಕಿತು. ನೀನು ನಗಲಿಲ್ಲ. "ಸುಮ್ನ ಕುಂಡ್ರಲೇ! ಸರ್ ಉಪಾಸ ಅಂದ್ರ ಉಪಾಸ," ಎಂದು ಅವನನ್ನು ಗದರಿದೆ. ಆಮೇಲೆ ನನ್ನ ತಂಬಿಗೆಗೆ ತುಟಿ ಹಚ್ಚಿ, ನನ್ನೆದುರೇ ಗಟಗಟ ಕುಡಿದು, ಬಾಯಿ ಒರೆಸಿಕೊಂಡು —

"ಪಾಠ ಮುಂದ ಹೇಳ್ರಿ ಸರ್. ಸಮಾನತಿ ಅರ್ಧಕ್ಕ ನಿಂತೈತಿ."

ಎಂಥ ಮಗು ನೀನು! ನನ್ನ ಮಾನ ಕಾಯ್ದೆ, ನಿನ್ನದನ್ನೂ ಬಿಟ್ಟುಕೊಡಲಿಲ್ಲ. ಆ ವಯಸ್ಸಿಗೆ ಅದು ಹೇಗೆ... ಇಂದಿಗೂ ನೆನೆದರೆ ಕಪ್ಪತಗುಡ್ಡದ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿದ ಹಾಗಾಗುತ್ತದೆ.

ನಾನೋ — ನಿನ್ನ ಪಾಳಿಯ ದಿನ ಮಾತ್ರ ಉಪವಾಸವೆಂದರೆ ಸಿಕ್ಕಿಬೀಳುತ್ತೇನೆಂದು, ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟೆ. ಅಂತೂ ಸಮಾನತೆ ತಂದೆ; ಯಾರ ಕೈಯ ನೀರೂ ಬೇಡ! ಊರು ಅದನ್ನು ವ್ರತವೆಂದಿತು. ನಿವೃತ್ತಿಯ ದಿನ ಶಾಲು ಹೊದಿಸಿ, ನೀರು ಮುಟ್ಟದ ಮಾಸ್ತರು ಎಂದು ಹೊಗಳಿದರು. ನಾನು ತಪಸ್ವಿಯಂತೆ ಕಣ್ಣು ಮುಚ್ಚಿ ಕೇಳಿಸಿಕೊಂಡೆ.

ಈಗ ನೀನು ಅದೇ ಶಾಲೆಯ ಮುಖ್ಯಾಧ್ಯಾಪಕಿ. ನಿನ್ನೆ ನಿನ್ನ ಫೋನ್ ಬಂತು: "ಸರ್, ನಮ್ಮ ಹುಡುಗರಿಗೆ ಸಮಾನತಿ ಪಾಠ ಹೇಳಾಕ ಬರ್ರಿ. ನಿಮ್ಹಂಗ ಯಾರಿಗೂ ಬರಂಗಿಲ್ಲ." ಗೇಲಿಯೋ, ಗೌರವವೋ — ಕೇಳುವ ಧೈರ್ಯವಾಗಲಿಲ್ಲ.

ಬರುತ್ತೇನೆ. ತಂಬಿಗೆಯಿಂದಲೇ ಶುರು ಮಾಡುತ್ತೇನೆ, ಮಿರ್ಚಿಯನ್ನೂ ಬಿಡುವುದಿಲ್ಲ. ಮಕ್ಕಳು ನಕ್ಕಾರು, ಶಾಲು ಹೊದಿಸಿದವರು ಮುಖ ತಿರುಗಿಸಿಯಾರು. ಗಂಟಲು ಒಣಗೀತು — ಒಣಗಲಿ. ನಿನ್ನ ಶಾಲೆಯಲ್ಲಿ ನೀರು ಕೇಳುವ ಹಕ್ಕು ನನಗಿಲ್ಲ.