ಪಪ್ಪನ ಹೋಂವರ್ಕ್

ಕೊಡಿಯಾಲ್‌ಬೈಲಿನ ಹೋಟೆಲೊಂದರ ಸಪ್ಲಾಯರ್ ಸುಂದರನಿಗೆ ಕುದಿಯುವ ಸಾಂಬಾರಿನ ಹೆದರಿಕೆಯಿಲ್ಲ, ಕ್ಯಾಶಿನಲ್ಲಿ ಕೂತು ಬೊಬ್ಬೆ ಹೊಡೆಯುವ ಧಣಿಯ ಹೆದರಿಕೆಯೂ ಇಲ್ಲ. ಹೆದರಿಕೆ ಇರುವುದು ಎರಡನೇ ಕ್ಲಾಸಿನ ಮಗಳು ತನುಶ್ರೀಯ ರೈಮಿಂಗ್ ವರ್ಡ್ಸಿನದ್ದು. ಬೆಳಿಗ್ಗೆ ಶಾಲೆಗೆ ಹೊರಡುವಾಗ ಅವಳು ಒಂದು ಇಂಗ್ಲಿಷ್ ಶಬ್ದ ಕೊಡುತ್ತಾಳೆ, ಅದರ ಹಾಗೆಯೇ ಮುಗಿಯುವ ಮೂರು ಶಬ್ದ ಸಂಜೆಗೆ ಪಪ್ಪ ಹೇಳಬೇಕು. ತಾನು ಏಳನೇ ಕ್ಲಾಸಿಗೇ ಕನ್ನಡ ಶಾಲೆ ಬಿಟ್ಟದ್ದು ಅವಳಿಗೆ ಗೊತ್ತಾದರೆ ಕಥೆ ಮುಗಿಯಿತೆಂದು ದಿನವಿಡೀ ಅವನಿಗೆ ಅದೇ ಚಿಂತೆ. ಗೋಳಿಬಜೆ ಇಡುವ ನೆಪದಲ್ಲಿ ಕಾಲೇಜಿನವರ ಕಿವಿಯ ಹತ್ತಿರ ಬಗ್ಗಿ, "ಲೈಟಿಗೆ ಎಂತ ಬರ್ತದೆ, ಸ್ವಲ್ಪ ಹೇಳಿ ಮಾರಾಯ್ರೆ" ಎನ್ನುತ್ತಾನೆ. ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಂಡು, ಬಸ್ಸಿನಲ್ಲಿ "ನೈಟ್, ಕೈಟ್, ವೈಟ್" ಎಂದು ಜಪಿಸುತ್ತಾ ತಾನು ಇಳಿಯಬೇಕಾದ ದೇರೆಬೈಲ್ ಸ್ಟಾಪನ್ನೇ ದಾಟಿ ಹೋಗುತ್ತಾನೆ. ಮನೆಗೆ ಬಂದು ಒಪ್ಪಿಸಿದರೆ, "ಪಪ್ಪನಿಗೆ ಎಲ್ಲ ಗೊತ್ತುಂಟು!" ಎಂದು ಅವಳು ಚಪ್ಪಾಳೆ ತಟ್ಟುತ್ತಾಳೆ. ಮೊನ್ನೆ ಅವಳ ಬ್ಯಾಗಿನಿಂದ ಟಿಫಿನ್ ಬಾಕ್ಸ್ ತೆಗೆಯುವಾಗ ಹಳೆಯ ನೋಟ್ ಪುಸ್ತಕವೊಂದು ಸಿಕ್ಕಿತು: ಇಷ್ಟು ದಿನ ಕೇಳಿದ ಶಬ್ದಗಳೆಲ್ಲ ಒಂದನೇ ಕ್ಲಾಸಿನವು, ಅವಳೇ ಬರೆದು ಟೀಚರ್ ಸರಿ ಹಾಕಿದವು. ಪಪ್ಪನಿಗೆ ಸುಲಭವಾಗಲಿ ಎಂದು ಅವಳು ಅದರಿಂದಲೇ ಆರಿಸುತ್ತಿದ್ದಳು. ಅವನು ಪುಸ್ತಕವನ್ನು ಸದ್ದಿಲ್ಲದೆ ಒಳಗಿಟ್ಟ. ಈಗ ಅವನಿಗೆ ಬೇರೆಯೇ ಹೆದರಿಕೆ: ತಾನು ಪುಸ್ತಕ ನೋಡಿದ್ದು ಗೊತ್ತಾಗಿ, ನಾಳೆ ಬೆಳಿಗ್ಗೆ ಅವಳು ಶಬ್ದ ಕೊಡದೆಯೇ ಶಾಲೆಗೆ ಹೊರಟುಬಿಟ್ಟರೆ?