ವಾರಿಜಕ್ಕ ಕುಳಿತ ಮಧ್ಯಾಹ್ನ

ವಾರಿಜಕ್ಕ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಕುರ್ಚಿ ಇತ್ತು, ಕಂಪನಿಯೇ ಕೊಟ್ಟ ಒಳ್ಳೆಯ ತಿರುಗುವ ಕುರ್ಚಿ. ಅದರ ಮೇಲೆ ಅವರ ಕೈಚೀಲ, ಛತ್ರಿ ಮತ್ತು ಸ್ಟೀಲಿನ ಟಿಫಿನ್ ಕ್ಯಾರಿಯರ್ ಆರಾಮಾಗಿ ಕೂತಿರುತ್ತಿದ್ದವು. ಅವರು ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನನ್ನ ಮತ್ತು ಸಹೋದ್ಯೋಗಿ ಸೆಲ್ವಿಯ ಹಿಂದೆ ನಿಂತು ನಮ್ಮ ಕಂಪ್ಯೂಟರ್ ಪರದೆಗಳನ್ನು ನೋಡುತ್ತಿದ್ದರು. ಮೈಸೂರಿನಿಂದ ಚೆನ್ನೈಗೆ ಹೊಸದಾಗಿ ಬಂದಿದ್ದ ನನಗೆ, ಬೆನ್ನ ಹಿಂದೆ ಮೇಲಧಿಕಾರಿ ನಿಂತರೆ ಕೀಲಿಮಣೆಯ ಅಕ್ಷರಗಳೇ ಮರೆತುಹೋಗುತ್ತಿದ್ದವು. ಆಗಾಗ ಅವರು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು.

"ಯಾರೆಲ್ಲ ಕಾಯ್ತಾ ಇದ್ದಾರೆ?"

ಮೊದಲ ಸಲ ಕೇಳಿದಾಗ ನಾನು ಬಾಗಿಲ ಕಡೆ ನೋಡಿದೆ. ಹೊರಗೆ ಯಾರೂ ಇರಲಿಲ್ಲ. ಆಮೇಲೆ ಸರ್ವರ್ ಬಗ್ಗೆ ಕೇಳುತ್ತಿದ್ದಾರೆಂದು ತಿಳಿದು, "ಸರ್ವರ್ ಚೆನ್ನಾಗಿದೆ ಮೇಡಂ, ಅರ್ಧದಷ್ಟು ಕೆಲಸಾನೂ ಇಲ್ಲ ಅದಕ್ಕೆ" ಎಂದೆ.

"ಅದರ ಆರೋಗ್ಯ ಯಾರು ಕೇಳಿದ್ದು ಮಾರಾಯ? ಎಷ್ಟು ಜನ ಕಾಯ್ತಾ ಇದ್ದಾರೆ, ಎಷ್ಟು ಹೊತ್ತಿಂದ ಕಾಯ್ತಾ ಇದ್ದಾರೆ, ಅದು ಹೇಳು. ಮತ್ತೆ ಈ ಮೇಡಂ ಎಲ್ಲ ಬೇಡ. ಕನ್ನಡದವ ಅಲ್ವಾ ನೀನು? ಅಕ್ಕ ಅಂತ ಹೇಳಿದ್ರೆ ಸಾಕು."

ನಮ್ಮದು ಮನೆಮನೆಗೆ ಇಂಟರ್ನೆಟ್ ಕೊಡುವ ಕಂಪನಿ. ಪ್ರತಿ ಮನೆಯಲ್ಲೂ ಒಂದು ಬಾಕ್ಸ್ ಇರುತ್ತದೆ. ಅದಕ್ಕೆ ಕರೆಂಟ್ ಬಂದ ಕೂಡಲೇ ಅದು ಮಾಡುವ ಮೊದಲ ಕೆಲಸ, "ನನಗೊಂದು ವಿಳಾಸ ಕೊಡಿ" ಎಂದು ಕೇಳುವುದು. ವಿಳಾಸ ಸಿಗದಿದ್ದರೆ ಆ ಮನೆಯಲ್ಲಿ ನೆಟ್ ಇಲ್ಲ. ನಗರದ ಲಕ್ಷಗಟ್ಟಲೆ ಮನೆಗಳಿಗೆ ಹೀಗೆ ವಿಳಾಸ ಹಂಚುವ ಸರ್ವರ್ ನಮ್ಮ ಮೂವರ ಸುಪರ್ದಿಯಲ್ಲಿತ್ತು. ಅದನ್ನು ವರ್ಷಗಳ ಹಿಂದೆ ನಿಲ್ಲಿಸಿ ಬೆಳೆಸಿದವರು ವಾರಿಜಕ್ಕ. ದಿನವಿಡೀ ಅದಕ್ಕೆ ಹೆಚ್ಚು ಕೆಲಸವಿಲ್ಲ. ಅದರ ಬಣ್ಣ ಬಯಲಾಗುತ್ತಿದ್ದುದು ಮಳೆಯ ದಿನ.

ಚೆನ್ನೈಯಲ್ಲಿ ಜೋರು ಮಳೆ ಬಂದು ಬೀದಿಯಲ್ಲಿ ನೀರು ನಿಂತರೆ ಕರೆಂಟ್ ತೆಗೆಯುತ್ತಾರೆ. ನೀರಿಳಿದ ಮೇಲೆ ಕೊಡುತ್ತಾರೆ. ಕೊಟ್ಟ ಕ್ಷಣ ಸಾವಿರಾರು ಮನೆಗಳ ಬಾಕ್ಸ್‌ಗಳು ಒಟ್ಟಿಗೆ ಎದ್ದು ವಿಳಾಸ ಕೇಳುತ್ತವೆ. ನಾನು ಬಂದ ವರ್ಷದ ಮೊದಲ ದೊಡ್ಡ ಮಳೆಗೆ ನಮ್ಮ ಸರ್ವರ್ ಮಕಾಡೆ ಮಲಗಿತು. ವಿಚಿತ್ರವೆಂದರೆ ಅದು ನಿಂತಿರಲಿಲ್ಲ, ಏದುಸಿರು ಬಿಡುತ್ತ ದುಡಿಯುತ್ತಲೇ ಇತ್ತು. ಅಷ್ಟಾದರೂ ಯಾರಿಗೂ ವಿಳಾಸ ಸಿಗುತ್ತಿರಲಿಲ್ಲ. ಆ ಸಂಜೆ ದೂರು ವಿಭಾಗದವರು ಕೇಳಿಸಿಕೊಂಡ ತಮಿಳಿನ ಬೈಗುಳವನ್ನು ಸೆಲ್ವಿ ನನಗೆ ಅನುವಾದಿಸಲು ಒಪ್ಪಲಿಲ್ಲ.

ನಮ್ಮ ಮುಖ್ಯಸ್ಥ ರಾಘವನ್ ಸಾರ್ ಕೆಟ್ಟವರಲ್ಲ. ಹಿಂದಿನ ಸಲ ಹೀಗೇ ಆದಾಗ ದೊಡ್ಡ ಯಂತ್ರ ತರಿಸಿಕೊಟ್ಟವರೂ ಅವರೇ. ದೊಡ್ಡ ಯಂತ್ರವೂ ಬಿದ್ದ ಮೇಲೆ ಅವರಿಗೆ ತಾಳ್ಮೆ ಉಳಿಯಲಿಲ್ಲ. ಈ ಕೆಲಸವನ್ನು ಹೊರಗಿನ ಕಂಪನಿಯೊಂದಕ್ಕೆ ಒಪ್ಪಿಸಿ, ನಮ್ಮ ಮೂವರನ್ನು ಮೂರು ದಿಕ್ಕಿಗೆ ಕಳಿಸುವುದೆಂದು ಮಾತಾಡಿದರು. ವಾರಿಜಕ್ಕನಿಗೆ ತರಬೇತಿ ವಿಭಾಗ. ನನಗೆ ಎಲ್ಲಿ ಎಂಬುದು ಅವರಿಗೂ ಗೊತ್ತಿರಲಿಲ್ಲ.

ವಾರಿಜಕ್ಕ ವಾದ ಮಾಡಲಿಲ್ಲ. "ಸಾರ್, ಇನ್ನೊಂದು ದೊಡ್ಡ ಮಳೆ ಬರ್ಲಿ. ಅದರಲ್ಲೂ ಬಿದ್ರೆ ನಾನೇ ಬೀಗದ ಕೈ ಕೊಡ್ತೇನೆ" ಎಂದು ತಮಿಳಿನಲ್ಲಿ ಹೇಳಿ, ಅದನ್ನೇ ನನಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. ನನಗೆ ತಮಿಳು ಅಷ್ಟು ಬಾರದಿದ್ದುದಕ್ಕೆ ಖುಷಿಯಾಗಿತ್ತು. ಎರಡನೆಯ ಸಲ ಕೇಳಿದ ಮೇಲೆ ಆ ಖುಷಿ ಹೋಯಿತು.

ಕಾಯುವವರನ್ನು ಕಂಡರೆ ವಾರಿಜಕ್ಕನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಒಮ್ಮೆ ನನಗೆ ಜ್ವರ ಬಂದಾಗ ಕೀಲ್ಪಾಕಿನ ಒಂದು ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಎದ್ದು ಹೋದವರ ಹೆಸರನ್ನೂ ಅಲ್ಲಿನ ಹುಡುಗಿ ನಾಲ್ಕು ನಾಲ್ಕು ಸಲ ಕೂಗುತ್ತಿದ್ದಳು. ವಾರಿಜಕ್ಕ ಹೋಗಿ ಅವಳ ಪಕ್ಕ ನಿಂತುಬಿಟ್ಟರು. "ಅವರು ಪೋಯಿಟ್ಟಾರು ಕಣ್ಣು, ಅಡುತ್ತವರನ್ನು ಕೂಪ್ಪಿಡು" ಎಂದು, ಹೋದವರನ್ನು ಬಿಟ್ಟು ಮುಂದಿನವರನ್ನು ಕರೆಯುವಂತೆ ತಮ್ಮ ಕನ್ನಡ ಬೆರೆತ ತಮಿಳಿನಲ್ಲಿ ಹೇಳುತ್ತ ಸಾಲನ್ನು ಸರಸರನೆ ಮುಂದೆ ಸಾಗಿಸಿದರು. ನನ್ನ ಸರದಿ ಬಂದಾಗ ಡಾಕ್ಟರು ನನ್ನನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು. ಇಲ್ಲಿಯ ಕೆಲಸಕ್ಕೆ ಬರುತ್ತೀರಾ ಎಂದೊಮ್ಮೆ ಕೇಳಿಯೂ ಕೇಳಿದರು.

ಸರ್ವರನ್ನು ಸರಿಪಡಿಸುವ ಕೆಲಸ ಶುರುವಾದದ್ದು ನಮ್ಮ ಪರೀಕ್ಷೆಯನ್ನು ಅವರು ತಳ್ಳಿಹಾಕಿದ ಮೇಲೆ. ಸರ್ವರಿನ ತಾಕತ್ತು ಅಳೆಯಲು ನಾವು ಸುಳ್ಳು ಬಾಕ್ಸ್‌ಗಳಿಂದ ಒಂದಾದ ಮೇಲೊಂದು ಕೋರಿಕೆ ಕಳಿಸುತ್ತಿದ್ದೆವು, ಶಾಲೆಯ ಮಕ್ಕಳ ಪ್ರಾರ್ಥನೆಯ ಸಾಲಿನ ಹಾಗೆ. ಸರ್ವರ್ ಪ್ರತಿ ಸಲವೂ ಪಾಸಾಗುತ್ತಿತ್ತು.

"ಹಸಿದವರು ಹೀಗೆ ಸಾಲಾಗಿ ಬರುದುಂಟಾ ಶಿವು?" ಎಂದು ನನ್ನನ್ನು ಕೇಳಿದರು. "ನಾಳೆ ಮುಹೂರ್ತದ ದಿನ. ನೀವಿಬ್ಬರೂ ವಡಪಳನಿಗೆ ಬನ್ನಿ."

ವಡಪಳನಿಯಲ್ಲಿ ಅವರ ತಂದೆ ಕಟ್ಟಿದ ಸಸ್ಯಾಹಾರಿ ಹೋಟೆಲ್ ಇದೆ. ಉಡುಪಿಯ ಕಡೆಯಿಂದ ಬಂದವರು. ಈಗ ವಾರಿಜಕ್ಕನ ಅಣ್ಣ ನಡೆಸುತ್ತಾರೆ. ಮುರುಗನ ಗುಡಿಯಲ್ಲಿ ಮದುವೆಗಳು ಮುಗಿದಂತೆ ಜನ ಗುಂಪುಗುಂಪಾಗಿ ಬಂದು ನುಗ್ಗುತ್ತಿದ್ದರು. ನಾವು ಗಲ್ಲಾದ ಪಕ್ಕ ನಿಂತೆವು. ಸಾಂಬಾರಿನ ವಾಸನೆಗೆ ನನ್ನ ಹೊಟ್ಟೆ ಸದ್ದು ಮಾಡಿತು.

"ಈಗ ತಿನ್ಲಿಕ್ಕಿಲ್ಲ, ನೋಡ್ಲಿಕ್ಕೆ ಬಂದದ್ದು" ಎಂದರು ವಾರಿಜಕ್ಕ. "ಆ ಸಪ್ಲೈಯರನ್ನು ನೋಡು. ಒಂದು ದೋಸೆ ಅಂತ ಹೇಳಿದ ಕೂಡಲೇ ಅಡುಗೆಮನೆಗೆ ಓಡ್ತಾನಾ? ನಾಲ್ಕು ಟೇಬಲ್ ಕೇಳಿಕೊಂಡು ಒಂದೇ ಸಲ ಹೋಗಿ ಹೇಳ್ತಾನೆ. ನಮ್ಮ ಸರ್ವರ್ ಎಂತ ಮಾಡ್ತದೆ? ಒಂದೊಂದು ಮನೆಗೂ ವಿಳಾಸ ಕೊಡುವ ಮೊದಲು ಡಿಸ್ಕಿಗೆ ಓಡಿ ಬರೆದಿಟ್ಟು ಬರ್ತದೆ. ಮತ್ತೆ ಇನ್ನೊಂದು ಮನೆ, ಮತ್ತೆ ಓಟ. ಯಂತ್ರ ಎಷ್ಟು ದೊಡ್ಡದು ತಂದ್ರೂ ಓಡುದು ತಪ್ಪುದಿಲ್ಲ."

ಅಷ್ಟರಲ್ಲಿ ಮೂಲೆಯ ಟೇಬಲ್ಲಿನ ದಪ್ಪ ಮನುಷ್ಯನೊಬ್ಬ ಕಾದು ಸಾಕಾಗಿ, ಗೊಣಗುತ್ತ ಎದ್ದು ಹೋದ. ಸಪ್ಲೈಯರ್ ಅಲ್ಲಿಂದಲೇ ಅಡುಗೆಮನೆಗೆ ಕೂಗಿ ಆತನ ದೋಸೆಯನ್ನು ನಿಲ್ಲಿಸಿದ.

"ನೋಡಿದ್ಯಾ? ಹೋದವನಿಗೆ ದೋಸೆ ಹುಯ್ದ್ರೆ ಕೂತವನ ದೋಸೆ ತಡ ಆಗ್ತದೆ. ಅವನೂ ಎದ್ದು ಹೋಗ್ತಾನೆ. ಕಡೆಗೆ ಕಾವಲಿ ಬಿಸಿ, ಹೋಟೆಲ್ ಖಾಲಿ."

ಮಳೆಯ ದಿನ ನಮ್ಮ ಸರ್ವರಿಗೆ ಏನಾಗಿತ್ತೆಂದು ನನಗೆ ಹೊಳೆದದ್ದು ಆಗ. ಬಾಕ್ಸ್ ಸ್ವಲ್ಪ ಹೊತ್ತು ಕಾಯುತ್ತದೆ, ಉತ್ತರ ಬಾರದಿದ್ದರೆ ಹಳೆಯ ಕೋರಿಕೆಯನ್ನು ಮರೆತು ಹೊಸದಾಗಿ ಕೇಳುತ್ತದೆ. ಸರ್ವರ್ ಮಾತ್ರ ಆ ಹಳೆಯ ಕೋರಿಕೆಗಳಿಗೇ ನಿಷ್ಠೆಯಿಂದ ಉತ್ತರ ಕಳಿಸುತ್ತ ಕೂತಿತ್ತು. ಸೆಲ್ವಿ ನನ್ನ ಮುಖ ನೋಡಿ "ಪುರಿಂಜುದಾ?" ಎಂದಳು. ಅರ್ಥವಾಯಿತಾ ಎಂದು. ನಾನು ತಲೆಯಾಡಿಸಿದೆ.

ಆ ದಿನವೇ ಅವರು ಕೂರದಿರುವ ಕಾರಣವೂ ತಿಳಿಯಿತು. ಗಿರಾಕಿ ನಿಂತಿರುವಾಗ ಹೋಟೆಲಿನವರು ಕೂರುವಂತಿಲ್ಲ ಎಂಬುದು ಅವರ ತಂದೆ ಮನೆಮಂದಿಗೆಲ್ಲ ಹಾಕಿದ ಕಟ್ಟಳೆ. ಶಾಲೆ ಬಿಟ್ಟು ಬಂದ ವಾರಿಜಕ್ಕ ಗಲ್ಲಾದ ಪಕ್ಕ ನಿಂತೇ ಮನೆಪಾಠ ಬರೆದವರು.

ಮರುದಿನದಿಂದ ಕೆಲಸ ಹತ್ತಿತು. ಸರ್ವರ್ ವಿಳಾಸ ಕೊಡುವ ಮೊದಲು ಅದನ್ನು ಬೇರೆ ಯಾರಾದರೂ ಬಳಸುತ್ತಿದ್ದಾರೋ ಎಂದು ಕರೆದು ನೋಡಿ, ಉತ್ತರ ಬರುವುದಿಲ್ಲವೆಂದು ಖಚಿತವಾಗುವವರೆಗೆ ಕಾಯುತ್ತಿತ್ತು. "ಖಾಲಿ ಕುರ್ಚಿಯನ್ನು ಮಾತಾಡ್ಸಿಕೊಂಡು ಕೂತಿದೆಯಲ್ಲ ಇದು" ಎಂದು ವಾರಿಜಕ್ಕ ನಕ್ಕರು. ಸಂಶಯವಿದ್ದ ವಿಳಾಸಗಳಿಗೆ ಮಾತ್ರ ಆ ವಿಚಾರಣೆ ಎಂದು ಮಾಡಿದೆವು. ಬಹಳ ಹೊತ್ತಿನ ಹಿಂದಿನ ಕೋರಿಕೆಗಳನ್ನು ಓದದೆ ಬಿಡಲು ಹೇಳಿದೆವು. ಒಂದೊಂದಾಗಿ ಡಿಸ್ಕಿಗೆ ಓಡುವುದನ್ನು ತಪ್ಪಿಸಿ, ಒಂದು ಗುಂಪು ಸೇರಿದ ಮೇಲೆ ಒಟ್ಟಿಗೆ ಬರೆದು, ಆಮೇಲೆ ಎಲ್ಲರಿಗೂ ಉತ್ತರ ಕಳಿಸುವ ವ್ಯವಸ್ಥೆ ಮಾಡಿದೆವು. ಸುಳ್ಳು ಬಾಕ್ಸ್‌ಗಳನ್ನೆಲ್ಲ ಒಟ್ಟಿಗೆ ನುಗ್ಗಿಸಿದ ಹೊಸ ಪರೀಕ್ಷೆಯಲ್ಲಿ ಸರ್ವರ್ ಹಾರಿ ಹಾರಿ ಕೆಲಸ ಮಾಡಿತು. ನಾವು ಉಬ್ಬಿಹೋದೆವು.

ಉಬ್ಬಿದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ಪ್ರಯೋಗಕ್ಕೆಂದು ನಮ್ಮ ಕಚೇರಿಯ ಬಾಕ್ಸ್‌ಗಳನ್ನೇ ಹೊಸ ವ್ಯವಸ್ಥೆಗೆ ಸೇರಿಸಿದ್ದೆವು. ಊಟದ ಹೊತ್ತಿನಲ್ಲಿ ರಾಘವನ್ ಸಾರ್ ತಮ್ಮ ಕೋಣೆಯಿಂದ ಹೊರಬಂದು, "ವಾರಿಜಾ, ಎನ್ ರೂಮ್‌ಲ ಮಟ್ಟುಂ ನೆಟ್ ಇಲ್ಲೆ" ಎಂದರು, ತಮ್ಮ ಕೋಣೆಯಲ್ಲಿ ಮಾತ್ರ ನೆಟ್ ಇಲ್ಲವೆಂದು. ಅವರ ಕೋಣೆಯ ಬಾಕ್ಸ್ ವಿಳಾಸ ಕೇಳಿತ್ತು. ಸರ್ವರ್ ಗುಂಪು ಸೇರಲಿ ಎಂದು ಅದನ್ನು ಕಾಯಿಸಿತ್ತು. ಆ ಹೊತ್ತಿನಲ್ಲಿ ಬೇರೆ ಯಾವ ಬಾಕ್ಸೂ ಏನನ್ನೂ ಕೇಳಲಿಲ್ಲ.

ಸೆಲ್ವಿ ಮೇಜಿನ ಕೆಳಗೆ ಏನೋ ಹುಡುಕುವವಳಂತೆ ಬಗ್ಗಿ ನಕ್ಕಳು. ಬೇರೆ ಯಾರ ಕೋಣೆಯೂ ಸಿಗಲಿಲ್ಲವೇ ಈ ದರಿದ್ರಕ್ಕೆ ಎಂದು ನಾನು ಮನಸ್ಸಿನಲ್ಲೇ ಶಪಿಸಿದೆ. ವಾರಿಜಕ್ಕ ಮಾತ್ರ ಹಣೆ ಚಚ್ಚಿಕೊಂಡು, "ತಪ್ಪು ನನ್ನದೇ. ಒಬ್ಬನೇ ಬಂದ ಗಿರಾಕಿಗೆ ಉಳಿದ ಟೇಬಲ್ ತುಂಬುವವರೆಗೆ ನೀರೂ ಕೊಡದೆ ಕೂರಿಸಿದೆ ನಾನು. ಅಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ರು" ಎಂದರು. ಗುಂಪು ಸೇರಲಿ, ಇಲ್ಲವೇ ಕಣ್ಣು ಮಿಟುಕಿಸುವಷ್ಟು ಹೊತ್ತು ಕಳೆಯಲಿ, ಯಾವುದು ಮೊದಲೋ ಆಗ ಉತ್ತರ ಹೋಗಬೇಕು ಎಂದು ಬದಲಾಯಿಸಿದೆವು. ರಾಘವನ್ ಸಾರ್ ಕೋಣೆಗೆ ನೆಟ್ ಬಂತು. ಅವರ ಮುಖಕ್ಕೆ ನಗು ಬರಲು ಮಳೆಗಾಲ ಬರಬೇಕಾಯಿತು.

ಬಂತು. ಬೆಳಗಿನಿಂದ ಆಕಾಶ ಹರಿದುಬಿದ್ದಂಥ ಮಳೆ. ನೀರು ನಿಂತಲ್ಲೆಲ್ಲ ಕರೆಂಟ್ ತೆಗೆದರು. ಕಚೇರಿಯ ಜನರೇಟರ್ ಗುಡುಗುಡು ಎನ್ನುತ್ತಿತ್ತು. ಮಧ್ಯಾಹ್ನ ಮಳೆ ತೆರಪು ಕೊಟ್ಟಾಗ ರಾಘವನ್ ಸಾರ್ ತಾವೇ ಬಂದು ನಮ್ಮ ಬಾಗಿಲಲ್ಲಿ ನಿಂತರು. ಇದು ಕೆಟ್ಟರೆ ನಾವು ಮೂವರೂ ಈ ಕೋಣೆಯಲ್ಲಿ ಒಟ್ಟಿಗಿರುವುದು ಅದೇ ಕೊನೆ.

ಮೊದಲು ಬೆಸೆಂಟ್ ನಗರಕ್ಕೆ ಕರೆಂಟ್ ಬಂತು. ಕಾಯುವವರ ಸಂಖ್ಯೆ ತೋರಿಸುವ ಗೆರೆ ಪರದೆಯ ಮೇಲೆ ಸಣ್ಣಗೆ ಎದ್ದು ಮಲಗಿತು. ಆಮೇಲೆ ಕೀಲ್ಪಾಕ್, ವಡಪಳನಿ, ಸುತ್ತಲಿನ ಬಡಾವಣೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಗೆರೆ ನೆಟ್ಟಗೆ ಮೇಲಕ್ಕೆ ಹೋಯಿತು. ಹೋದ ಸಲ ಸರ್ವರ್ ಬಿದ್ದ ಎತ್ತರವನ್ನೂ ದಾಟಿತು. ಸೆಲ್ವಿ "ಮುರುಗಾ" ಎಂದಳು. ಗೆರೆ ಮೇಲೆ ಹೋದದ್ದು ಅಲ್ಲಿಯೇ ಒಂದಿಷ್ಟು ತಡೆದು ನಿಂತಿತು. ನೋಡನೋಡುತ್ತ ಬಾಗಿತು. ಇಳಿಯತೊಡಗಿತು. ಇಳಿದು ಇಳಿದು ನೆಲಕ್ಕೆ ಅಂಟಿ ಮಲಗಿತು. ಪಕ್ಕದ ದೂರು ವಿಭಾಗದಲ್ಲಿ ಫೋನ್‌ಗಳು ಸುಮ್ಮನಿದ್ದವು. ಅಲ್ಲಿಯವರೊಬ್ಬರು ಬಂದು, ನಮ್ಮ ಫೋನ್ ಲೈನ್ ಕೆಟ್ಟಿದೆಯಾ ಎಂದು ವಿಚಾರಿಸಿ ಹೋದರು.

"ಯಾರೆಲ್ಲ ಕಾಯ್ತಾ ಇದ್ದಾರೆ?" ಎಂದರು ವಾರಿಜಕ್ಕ.

"ಯಾರೂ ಇಲ್ಲ ವಾರಿಜಕ್ಕ" ಎಂದೆ. "ಒಬ್ಬರೂ ಇಲ್ಲ."

ಅವರು ಮೆಲ್ಲಗೆ ತಮ್ಮ ಕುರ್ಚಿಯ ಬಳಿ ಹೋದರು. ಛತ್ರಿ ತೆಗೆದು ಗೋಡೆಗೆ ಒರಗಿಸಿದರು. ಕೈಚೀಲವನ್ನೂ ಟಿಫಿನ್ ಕ್ಯಾರಿಯರನ್ನೂ ಮೇಜಿನ ಮೇಲಿಟ್ಟರು. ಸೊಂಟದ ಸೆರಗು ಬಿಡಿಸಿಕೊಂಡು ಕುಳಿತರು. ಕುರ್ಚಿ ತಿರುಗುತ್ತದೆಂದು ಗೊತ್ತಿರಲಿಲ್ಲವೋ ಏನೋ, ಅರ್ಧ ಸುತ್ತು ತಿರುಗಿ ಕಿಟಕಿಯ ಕಡೆ ಮುಖವಾಗಿ ನಿಂತಿತು. ಅವರು ಹಾಗೇ ಹೊರಗೆ ನೋಡುತ್ತ ಕೂತರು. ರಾಘವನ್ ಸಾರ್ ಬಾಗಿಲಿನಿಂದಲೇ, ಹೊರಗಿನವರು ಇನ್ನು ಬೇಡ ಎಂದು ತಮಿಳಿನಲ್ಲಿ ಹೇಳಿ ಕೈ ಮುಗಿದರು. ನನಗೆ ಅಳು ಬಂತು, ಅದನ್ನು ಮುಚ್ಚಿಕೊಳ್ಳಲೂ ಇಲ್ಲ. ಅಂಥ ಗೆಲುವಿನಲ್ಲಿ ನನ್ನದೂ ಒಂದು ಪಾಲಿತ್ತಲ್ಲ ಎಂಬ ಹೆಮ್ಮೆ ಇಂದಿಗೂ ಎದೆ ತುಂಬ ಇದೆ. ಆಮೇಲೆ ವಾರಿಜಕ್ಕ ಟಿಫಿನ್ ಕ್ಯಾರಿಯರ್ ಬಿಚ್ಚಿದರು. ಹಲಸಿನೆಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು ಇತ್ತು. ಬಡಿಸಲು ಮಾತ್ರ ಮತ್ತೆ ಎದ್ದು ನಿಂತರು.

ವಾರಿಜಕ್ಕ ನಿವೃತ್ತರಾದಾಗ ನಾನೂ ಸೆಲ್ವಿಯೂ ಸೇರಿ ಅವರಿಗೊಂದು ಬೆತ್ತದ ಆರಾಮ ಕುರ್ಚಿ ಕೊಟ್ಟೆವು. ಈಗ ಅವರು ಅಣ್ಣನ ಜೊತೆ ಹೋಟೆಲ್ ನೋಡಿಕೊಳ್ಳುತ್ತಾರೆ. ಆ ಕುರ್ಚಿ ಎಲ್ಲಿದೆ ಎಂದರೆ ಹೋಟೆಲಿನ ಬಾಗಿಲ ಹೊರಗೆ, ಜಾಗಕ್ಕೆ ಕಾಯುವ ಮುದುಕರಿಗೆಂದು. ಕಚೇರಿಯಲ್ಲಿ ಅವರ ತಿರುಗುವ ಕುರ್ಚಿ ಹಾಗೇ ಇದೆ. ಅದರ ಮೇಲೆ ನಾವು ಏನನ್ನೂ ಇಡುವುದಿಲ್ಲ.

ಈ ಸಲದ ದೊಡ್ಡ ಮಳೆಯಲ್ಲೂ ಮಧ್ಯಾಹ್ನವೇ ಕರೆಂಟ್ ಬಂತು. ಗೆರೆ ಎದ್ದಿತು, ಬಾಗಿತು, ಮಲಗಿತು. ಯಾರೂ ಏನೂ ಕೇಳಿರಲಿಲ್ಲ. ಆದರೂ ಸೆಲ್ವಿ ಪರದೆ ನೋಡುತ್ತಲೇ, "ಯಾರುಂ ಇಲ್ಲೆ ಅಕ್ಕಾ" ಎಂದಳು. ನಾನು ಹಿಂದೆ ತಿರುಗಿ ನೋಡಿದೆ. ಅಲ್ಲಿ ನಿಲ್ಲುವವರು ಇಲ್ಲದ್ದು ಆಗ ಬಹಳ ಕಾಡಿತು. ತಡೆಯಲಾರದೆ ವಡಪಳನಿಗೆ ಫೋನ್ ಮಾಡಿದೆ. ಅತ್ತಲಿಂದ ತಟ್ಟೆಗಳ ಸದ್ದು, ಜನರ ಗದ್ದಲ.

"ವಾರಿಜಕ್ಕ, ಎಲ್ಲಾರಿಗೂ ಸಿಕ್ತು. ಯಾರೂ ಕಾಯ್ತಾ ಇಲ್ಲ ಇಲ್ಲಿ" ಎಂದೆ.

"ಸಂತೋಷ ಮಾರಾಯ. ಇಲ್ಲಿ ಬಾಗಿಲವರೆಗೆ ಕಾಯ್ತಾ ಇದ್ದಾರೆ. ಫೋನ್ ಇಡು" ಎಂದು ಅವರೇ ಇಟ್ಟರು.